ಹನ್ನೊಂದು ಹೆಬ್ಬೆರಳು

ಎಲ್ಲ ಅನಾಹುತಕ್ಕೂ ಕಾರಣ, ಅವನ ಹೆಬ್ಬೆರಳು ಕೂದಲೆಳೆಯಷ್ಟು ಕೆಳಗೆ ಬಿದ್ದದ್ದು. ಹೆಂಡತಿಗೆ ಹೋಗಬೇಕಿದ್ದ ವಾಯ್ಸ್ ಮೆಸೇಜು, ಅವಳ ಹೆಸರಿನ ಕೆಳಗಿದ್ದ ಕೆಲಸದ ಗ್ರೂಪಿಗೆ ಹೋಗಿಬಿಟ್ಟಿತ್ತು.

ಕಟ್ಟುಹಲ್ಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಯೋಚ್ನೆಯಣ್ಣ ಎನ್ನುತ್ತಿದ್ದರು. ಒಂದು ಹಲ್ಲು ಕೂರಿಸಿ ಹತ್ತು ಸಲ ಅಲ್ಲಾಡಿಸಿ ನೋಡುವ ಆಸಾಮಿ. ಅಂದು ಸಂಜೆ ಯಜಮಾನರು ಹೊಸ ಮೇಸ್ತ್ರಿಯನ್ನು ಆರಿಸುವವರಿದ್ದರು. ಹನ್ನೆರಡು ವರ್ಷ ಕಾದ ಕೆಲಸ. ತಡೆಯಲಾರದೆ, ಓಡುತ್ತಿದ್ದ ಸಾಣೆ ಮೆಷಿನ್ ಮುಂದೆ ಕೂತೇ ಫೋನಿಗೆ ಪಿಸುಗುಟ್ಟಿದ್ದ:

“ನನಗೆ ಸಿಗೋದು ಅನುಮಾನ ಕಣೇ. ಈ ಯಜಮಾನ್ರಿಗೆ ಕೆಲಸ ಏನ್ ಗೊತ್ತು? ತಮ್ಮ ಹಲ್ಲು ತಾವೇ ಮಾಡ್ಕೊಂಡಿದ್ದಾರೆ, ಬಾಯಿ ಬಿಟ್ರೆ ಕುದುರೆ ಓಡಿದ ಹಾಗೆ ಟಕಟಕ ಅನ್ನುತ್ತೆ!”

ತಪ್ಪು ತಿಳಿದೊಡನೆ ಅಳಿಸಲು ಹೋದ. ಅವಸರದಲ್ಲಿ ‘ಎಲ್ಲರಿಗೂ ಅಳಿಸು’ ಬದಲು ‘ನನಗೆ ಮಾತ್ರ ಅಳಿಸು’ ಒತ್ತಿದ. ಈಗ ಆ ಮೆಸೇಜು ಅವನ ಫೋನೊಂದನ್ನು ಬಿಟ್ಟು ಉಳಿದವರೆಲ್ಲರ ಫೋನಿನಲ್ಲೂ ಇತ್ತು.

ಗ್ರೂಪಿನಲ್ಲಿ ಒಂದು ಹೆಬ್ಬೆರಳು ಎದ್ದಿತು. ಇನ್ನೊಂದು. ಊಟದ ಹೊತ್ತಿಗೆ ಹನ್ನೊಂದು. ಪಾಲಿಶ್ ಮಾಡುವ ಅಕ್ಕ ಹತ್ತಿರ ಬಂದು ಬೆನ್ನು ತಟ್ಟಿದಳು.

“ಭಲೇ ಯೋಚ್ನೆಯಣ್ಣ! ಆರು ತಿಂಗಳಿಂದ ನಾವೆಲ್ಲ ಸಹಿಸ್ಕೊಂಡಿದ್ವಿ. ನೀವೊಬ್ರು ಧೈರ್ಯ ಮಾಡಿದ್ರಿ ನೋಡಿ.”

“ಅಕ್ಕಾ... ಯಜಮಾನ್ರು ಕೇಳಿದ್ರಾ?”

“ಕೇಳ್ದೇ ಇರ್ತಾರಾ? ಎರಡೆರಡು ಸಲ ಹಾಕ್ಕೊಂಡು ಕೇಳಿದ್ರಂತೆ!”

ಅವನು ಅರ್ಧಕ್ಕೇ ಊಟ ಬಿಟ್ಟೆದ್ದ. ಆ ಮೆಸೇಜನ್ನು ಹೂತುಹಾಕಲು ಸಿಕ್ಕಿದ್ದನ್ನೆಲ್ಲ ಗ್ರೂಪಿಗೆ ಸುರಿದ: ಮೇಲ್ದವಡೆಯ ಫೋಟೊ, ಕೆಳದವಡೆಯ ಫೋಟೊ, ಕೊನೆಗೆ ಏನೂ ಸಿಗದೆ ಸಾಣೆ ಮೆಷಿನ್ನಿನ ವಿಡಿಯೊ. ತಕ್ಷಣ ಯಜಮಾನರ ಉತ್ತರ ಬಂತು: “ಆರು ಗಂಟೆಗೆ ನನ್ನ ರೂಮಿಗೆ ಬಾ.”

ಆರಕ್ಕೆ ಒಳಗೆ ಹೋದವನು ಕೂರಲೂ ಇಲ್ಲ.

“ತಪ್ಪಾಯ್ತು ಯಜಮಾನ್ರೇ! ನಿಮ್ಮ ಹಲ್ಲು ಕುದುರೆ ಥರ ಟಕಟಕ ಅನ್ನುತ್ತೆ ಅಂದದ್ದು, ನಿಮಗೆ ಕೆಲಸ ಏನ್ ಗೊತ್ತು ಅಂದದ್ದು, ಎಲ್ಲಾ ನನ್ನ ಹೆಂಡ್ತಿಗೆ ಹೇಳಿದ್ದು. ಗ್ರೂಪಿಗೆ ಹೋಗ್ಬಿಡ್ತು!”

ಯಜಮಾನರು ಅವನನ್ನೇ ನೋಡುತ್ತ ತಮ್ಮ ಫೋನು ಒತ್ತಿದರು.

“ಗರ್ರ್ರ್ರ್ರ್...”

ಸಾಣೆ ಮೆಷಿನ್ನಿನ ಸದ್ದು. ಶುರುವಿನಿಂದ ಕೊನೆಯವರೆಗೆ ಅದೊಂದೇ. ನರಮನುಷ್ಯನ ದನಿ ಎಲ್ಲೂ ಇಲ್ಲ.

“ಬೇರಿಂಗ್ ಹೋಗಿದೆ ಅಂತ ಸದ್ದು ಹಿಡಿದು ಕಳ್ಸಿದ್ದೀಯ, ಮೇಲೆ ವಿಡಿಯೊ ಬೇರೆ ಅಂದ್ಕೊಂಡಿದ್ದೆ ಕಣಯ್ಯ. ರಿಪೇರಿಯವನೂ ನೋಡಿ ಹೌದು ಅಂದ. ಇಷ್ಟು ಜವಾಬ್ದಾರಿ ಇರೋನೇ ಮೇಸ್ತ್ರಿ ಆಗ್ಲಿ ಅಂತ...”

ಮೇಜಿನ ಮೇಲಿದ್ದ ಹಾಳೆಯಲ್ಲಿ ಅವನದೇ ಹೆಸರಿತ್ತು. ಯಜಮಾನರು ಅದರ ಮೇಲೆ ನಿಧಾನವಾಗಿ ಗೀಟು ಎಳೆದರು. ಆಮೇಲೆ ಎರಡೂ ದವಡೆಯ ಹಲ್ಲು ಬಿಚ್ಚಿ ಅವನ ಅಂಗೈಯಲ್ಲಿಟ್ಟರು.

ಅವನು ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ಗ್ರೂಪಿನಲ್ಲಿ ಹೊಸ ಮೇಸ್ತ್ರಿಯ ಮೊದಲ ವಾಯ್ಸ್ ಮೆಸೇಜು ಬಂದಿತ್ತು. ಪಾಲಿಶ್ ಅಕ್ಕನ ದನಿ, ಒಂದೊಂದು ಅಕ್ಷರವೂ ಸ್ಪಷ್ಟ: “ಯೋಚ್ನೆಯಣ್ಣ, ಯಜಮಾನ್ರ ಹಲ್ಲು ಬೆಳಗ್ಗೆಯೊಳಗೆ ರೆಡಿ ಆಗ್ಬೇಕು. ಟಕಟಕ ಅನ್ಬಾರ್ದಂತೆ.”

ಹನ್ನೊಂದು ಹೆಬ್ಬೆರಳು ಎದ್ದವು. ಹನ್ನೆರಡನೆಯದನ್ನು ಅವನೇ, ಮೂರು ಸಲ ನೋಡಿಕೊಂಡು, ಒತ್ತಿದ.