ಜಪಾನಿಗೆ ಹೊರಟ ನಾಲ್ಕು ನೀಲಿ ಪುಸ್ತಕ

ಆವತ್ತು ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ನಮ್ಮ ಮನೆಯ ಊಟದ ಮೇಜಿನ ಸುತ್ತ ಇದ್ದವರು ನಾಲ್ಕು ಜನ. ಕೋಡುಬಳೆ ಮುರಿಯುತ್ತಿದ್ದ ನನ್ನ ಹೆಂಡತಿ ಸುಮನಾ, ಫೋನಿನಲ್ಲಿ ಮುಳುಗಿದ್ದ ಹದಿಮೂರರ ಮಗಳು ದಿಯಾ, ಆರು ತಿಂಗಳು ಇದ್ದುಹೋಗಲು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಪದ್ಮಾವತಮ್ಮ, ಮತ್ತು ಲ್ಯಾಪ್‌ಟಾಪ್ ತೆರೆದು ಹೋಮಕ್ಕೆ ಕೂತ ಪುರೋಹಿತರ ಗಾಂಭೀರ್ಯದಲ್ಲಿದ್ದ ನಾನು.

ಅತ್ತೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಜಪಾನಿನ ನಾಲ್ಕು ದ್ವೀಪಗಳನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲವರು. ಹಿಂದಿನ ದಿನ ಕಾಫಿ ಕುಡಿಯುತ್ತಾ, "ಎಷ್ಟು ಮಕ್ಕಳಿಗೆ ಫ್ಯೂಜಿ ಪರ್ವತ ತೋರಿಸಿದ್ದೀನೋ, ನಾನು ಮಾತ್ರ ನೋಡಿಲ್ಲ ನೋಡಿ" ಎಂದಿದ್ದರು. ಕೇಳಿಕೊಂಡದ್ದೇನೂ ಅಲ್ಲ, ಸುಮ್ಮನೆ ಹೇಳಿದ್ದು. ಆದರೆ ಅಳಿಯ ಎದ್ದು ನಿಂತುಬಿಟ್ಟ.

"ಅತ್ತೆ, ಇನ್ನು ಆರು ವಾರಕ್ಕೆ ದಿಯಾಗೆ ರಜ. ನಿಮಗೆ ಫ್ಯೂಜಿ ತೋರಿಸೋದು ನನ್ನ ಜವಾಬ್ದಾರಿ."

"ಯಾರಾದರೂ ಟ್ರಾವೆಲ್ ಏಜೆಂಟ್‌ನ ಒಂದು ಮಾತು ಕೇಳಿ" ಎಂದಳು ಸುಮನಾ.

"ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸೋನಿಗೆ ಏಜೆಂಟ್ ಯಾಕೆ?"

ಸುಮನಾ ಇನ್ನೊಂದು ಕೋಡುಬಳೆ ಮುರಿದಳು. ಮೊದಲಿನದಕ್ಕಿಂತ ಜೋರಾಗಿ.

ನಾನು ಪಟ್ಟಿ ತಯಾರಿಸಿದೆ. ಇತಿಹಾಸಕ್ಕೆ ಕಂದು ಬಣ್ಣ, ಸಂಸ್ಕೃತಿಗೆ ಕೆಂಪು, ಪ್ರಕೃತಿಗೆ ಹಸಿರು. ಹಿಮೇಜಿಯ ಬಿಳಿ ಕೋಟೆ, ಕ್ಯೋಟೋದ ಬಂಗಾರದ ಮಂಟಪ, ಹಕೋನೆಯ ಬಿಸಿನೀರಿನ ಬುಗ್ಗೆ, ಹೀಗೆ ಒಂಬತ್ತು ದಿನಕ್ಕೆ ಇಪ್ಪತ್ತೆರಡು ಜಾಗ. ನಾರಾ ಊರಿನ ಜಿಂಕೆಗಳಿಗೆ ನಲವತ್ತು ನಿಮಿಷ ದಯಪಾಲಿಸಿದ್ದೆ.

"ಫ್ಯೂಜಿಗೆ ಮೋಡ ಕವಿದಿದ್ದರೆ?" ಎಂದರು ಅತ್ತೆ.

"ಎರಡನೇ ದಿನ ಮೋಡ ಇದ್ದರೆ ಆರನೇ ದಿನ, ಆರನೇ ದಿನವೂ ಇದ್ದರೆ ಎಂಟನೇ ದಿನ. ಎಲ್ಲಕ್ಕೂ ವ್ಯವಸ್ಥೆ ಆಗಿದೆ."

ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿ ತರಬೇತಿ ಶಿಬಿರ ಆರಂಭಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಸೊಂಟ ಬಗ್ಗಿಸಿ ನಮಸ್ಕರಿಸಬೇಕು. ಉಪ್ಪಿಟ್ಟನ್ನು ಜಪಾನಿಯರ ಹಾಗೆ ಎರಡು ಕಡ್ಡಿಯಲ್ಲೇ ತಿನ್ನಬೇಕು. ಅತ್ತೆ ಎರಡೇ ದಿನದಲ್ಲಿ ಕಡ್ಡಿಯಿಂದ ಸಾಸಿವೆಯನ್ನೂ ಹೆಕ್ಕತೊಡಗಿದರು. ನನ್ನ ಗೋಡಂಬಿ ಹಾರಿ ದಿಯಾಳ ಹಾಲಿಗೆ ಬಿತ್ತು.

"ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು.

ಹೊರಡುವ ದಿನ ಸುಮನಾ ನಾಲ್ಕು ಪಾಸ್‌ಪೋರ್ಟ್‌ಗಳನ್ನೂ ದೇವರ ಮುಂದಿಟ್ಟು ತೆಗೆದುಕೊಟ್ಟಳು. ನಾಲ್ಕೂ ನೀಲಿ. ಒಂದೇ ಅಳತೆ. ಒಂದೇ ಚೀಲದಲ್ಲಿ ಅಣ್ಣತಮ್ಮಂದಿರ ಹಾಗೆ ಕೂತವು.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಮೂರು ಪುಸ್ತಕ ನೋಡಿ ಪಕ್ಕಕ್ಕಿಟ್ಟಳು. ನಾಲ್ಕನೆಯದನ್ನು ಮುಂದಿನಿಂದ ಹಿಂದಕ್ಕೆ ತಿರುವಿದಳು. ಆಮೇಲೆ ಹಿಂದಿನಿಂದ ಮುಂದಕ್ಕೆ.

"ಇವರ ಜಪಾನ್ ವೀಸಾ ಎಲ್ಲಿ?"

"ನಮಗೆ ವೀಸಾ ಬೇಕಿಲ್ಲ" ಎಂದೆ, ಎದೆಯುಬ್ಬಿಸಿ.

"ನಿಮಗೆ ಬೇಕಿಲ್ಲ. ಇವರದು ಇಂಡಿಯನ್ ಪಾಸ್‌ಪೋರ್ಟ್. ಇವರಿಗೆ ಬೇಕು."

ಅತ್ತೆ ಆಸ್ಟ್ರೇಲಿಯಾಕ್ಕೆ ವಾಪಸ್ ಬರುವ ವೀಸಾವನ್ನು ಮೂರು ಸಲ ಪರೀಕ್ಷಿಸಿದ್ದೆ. ಹೋಗುವ ದೇಶದ್ದು ನೆನಪಾಗಿರಲಿಲ್ಲ. ಹದಿನೈದು ವರ್ಷ ಅಂಥದೇ ಇಂಡಿಯನ್ ಪಾಸ್‌ಪೋರ್ಟ್ ಹಿಡಿದು, ಫೋಟೋ ಅಂಟಿಸಿ, ಬ್ಯಾಂಕ್ ಕಾಗದ ಸಿಕ್ಕಿಸಿ, ಊರೂರಿನ ವೀಸಾ ಸಾಲಿನಲ್ಲಿ ನಿಂತವನು ನಾನು. ಇಲ್ಲಿನ ಪ್ರಜೆಯಾಗಿ ನಾಲ್ಕೇ ವರ್ಷ. ಅಷ್ಟರಲ್ಲಿ ಎಲ್ಲಾ ಮರೆತುಹೋಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಿದ್ದರು ನಮ್ಮಜ್ಜಿ. ನನ್ನನ್ನೇ ನೋಡಿ ಹೇಳುತ್ತಿದ್ದರೋ ಏನೋ.

ಸುಮನಾ ಆ ಪುಸ್ತಕವನ್ನು ತಾನೂ ಒಮ್ಮೆ ತಿರುವಿ ನೋಡಿ ನನ್ನ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಬಾಯಿಬಿಟ್ಟವರು ಅತ್ತೆ. "ಒಬ್ಬಳು ಹುಡುಗಿ ಮನೆಯಿಂದ ಸಹಿ ಹಾಕಿಸಿಕೊಂಡು ಬರಲಿಲ್ಲ ಅಂತ ಎಕ್ಸ್‌ಕರ್ಷನ್ ಬಸ್ ನಿಲ್ಲಿಸಿದವಳಲ್ಲ ನಾನು. ನೀವು ಮೂವರೂ ಹೊರಡಿ."

"ನಿನ್ನೊಬ್ಬಳನ್ನೇ ಬಿಟ್ಟು ಹೇಗಮ್ಮ ಹೋಗೋದು?" ಎಂದಳು ಸುಮನಾ. ಆಮೇಲೆ ಮೂವರೂ ನಿಧಾನಕ್ಕೆ ನನ್ನ ಕಡೆ ತಿರುಗಿದರು.

ತೀರ್ಪು ಹೊರಬೀಳಲು ಒಂದು ನಿಮಿಷವೂ ಹಿಡಿಯಲಿಲ್ಲ. ತಾಯಿ ಮಗಳು ವಿಮಾನ ಹತ್ತಿದರು. ಅಳಿಯ ಅತ್ತೆ ಟ್ಯಾಕ್ಸಿ ಹತ್ತಿದರು.

ದಾರಿಯಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತಾ, "ಎಪ್ಪತ್ತೊಂದಾಯಿತು. ಇನ್ನು ಇಷ್ಟು ಹತ್ತಿರ ಬರೋದು ಕಷ್ಟ ಬಿಡಿ" ಎಂದರು. ಆ "ಬಿಡಿ" ಮನೆ ತಲುಪಿದರೂ ನನ್ನನ್ನು ಬಿಡಲಿಲ್ಲ.

ಮೂರನೇ ದಿನ ಸುಮನಾಳ ಮೆಸೇಜು ಬಂತು: "ನಿಮ್ಮ ಪಟ್ಟಿ ಬಿಟ್ಟು ದಿನಕ್ಕೊಂದೇ ಜಾಗ ನೋಡ್ತಿದೀವಿ. ಹಾಯಾಗಿದೆ." ನನಗೆ ತಡೆಯಲಾಗಲಿಲ್ಲ. ಅತ್ತೆಯನ್ನು ಊರೊಳಗಿನ ಜಪಾನಿ ತೋಟಕ್ಕೆ ಕರೆದುಕೊಂಡು ಹೋದೆ. ಫ್ಯೂಜಿ ಇಲ್ಲದಿದ್ದರೇನು, ಗೈಡ್ ಇದ್ದಾನಲ್ಲ.

ಕೊಳ, ಪುಟ್ಟ ಸೇತುವೆ, ಕಲ್ಲಿನ ದೀಪ. ಒಂದು ಕಡೆ ಬಿಳಿ ಜಲ್ಲಿ ಹರಡಿ, ಗೆರೆ ಗೆರೆ ಎಳೆದು, ನಡುವೆ ನಾಲ್ಕಾರು ಬಂಡೆ ನಿಲ್ಲಿಸಿದ್ದರು. ಬಂಡೆ ಕಂಡದ್ದೇ ತಡ, ಇಂಥ ಪವಿತ್ರ ಸ್ಥಳಕ್ಕೆ ಒಂದು ಕ್ರಮ ಇರುತ್ತದೆ ಎಂದುಕೊಂಡೆ. ಶೂ ಕಳಚಿ, ಕೈಮುಗಿದು, ಜಲ್ಲಿಯ ಮೇಲೆ ಇಳಿದು ಪ್ರದಕ್ಷಿಣೆ ಹೊರಟೆ. "ಬನ್ನಿ ಅತ್ತೆ, ಈ ಗೆರೆಗಳೇ ಪ್ರದಕ್ಷಿಣೆಯ ದಾರಿ. ನಾನು ಓದಿದ್ದೀನಿ."

ಎರಡನೇ ಸುತ್ತಿನಲ್ಲಿ ತೋಟದ ಮಾಲಿ ಕುಂಟೆ ಹಿಡಿದು ಬಂದ. ಒಳ್ಳೆಯ ಮನುಷ್ಯ. ಮೆಲ್ಲಗೇ ಹೇಳಿದ, "ಮೇಟ್, ನೀವು ಸಮುದ್ರದ ನಡುವೆ ನಿಂತಿದ್ದೀರಿ."

ಅತ್ತೆ ದಡದಲ್ಲೇ ನಿಂತಿದ್ದರು. "ಬಂಡೆ ಅಂದರೆ ದ್ವೀಪ, ಜಲ್ಲಿ ಅಂದರೆ ಕಡಲು, ಗೆರೆ ಅಂದರೆ ಅಲೆ. ಅಲ್ಲವಾ?" ಎಂದು ಶುದ್ಧ ಇಂಗ್ಲಿಷಿನಲ್ಲಿ ಕೇಳಿದರು. ಅವನು ಹೌದೆಂದ. ನಾನು ತುಳಿದ ಕಡಲನ್ನು ಅವನು ಸರಿಮಾಡುತ್ತಿದ್ದಾಗ ಅತ್ತೆ, "ಒಂದೇ ಒಂದು ಗೆರೆ ನಾನು ಎಳೆಯಲಾ?" ಎಂದರು. ಕುಂಟೆ ಕೊಟ್ಟ. ದಡದಲ್ಲಿ ನಿಂತುಕೊಂಡೇ ಉದ್ದಕ್ಕೂ ಎಳೆದರು. ಎಲ್ಲೂ ಸೊಟ್ಟವಾಗಲಿಲ್ಲ.

"ನೀವೂ ಬೇಕಾದರೆ ಎಳೀರಿ" ಎಂದು ಅವನು ನನ್ನ ಕಡೆ ನೋಡಿದ.

"ಬೇಡ, ಅವರು ಬೇಡ" ಎಂದರು ಅತ್ತೆ.

ಅತ್ತೆ ಮೈಸೂರಿಗೆ ಹಿಂತಿರುಗಿದರು. ಮರುವರ್ಷ ತಮ್ಮ ಜೊತೆ ನಿವೃತ್ತರಾದ ಮೂವರು ಟೀಚರುಗಳನ್ನು ಒಟ್ಟುಹಾಕಿಕೊಂಡು ಜಪಾನಿಗೆ ಹೊರಟರು. ವೀಸಾ ಅರ್ಜಿಗೆ ಸಹಾಯ ಮಾಡಲೇ ಎಂದು ನಾನು ಫೋನ್ ಮಾಡಿದ್ದೆ. "ಬೇಡಪ್ಪಾ" ಎಂದು ಬಹಳ ಪ್ರೀತಿಯಿಂದಲೇ ಹೇಳಿದರು. ಮೊದಲ ದಿನವೇ ಮೋಡವಿಲ್ಲದೆ ಫ್ಯೂಜಿ ಕಂಡಿತಂತೆ. ಸ್ವೆಟರ್ ಮೇಲೆ ಸೀರೆಯ ಸೆರಗು ಹೊದ್ದು, ಪರ್ವತದ ಕಡೆ ಕೈ ತೋರಿಸುತ್ತಾ ತರಗತಿಗೆ ಪಾಠ ಹೇಳುವವರ ಹಾಗೆ ನಿಂತ ಫೋಟೋ ಕಳಿಸಿದರು. ಸುಮನಾ ಅದನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿದ್ದಾಳೆ.

ನಮ್ಮ ಮನೆಯಲ್ಲಿ ಈಗ ಜಪಾನ್ ನೋಡದೆ ಉಳಿದವನು ನಾನೊಬ್ಬನೇ.