ಚಿಂತಾಕಿಯ ಅಲುಗದ ಸಿನಿಮಾ

"ಅವ್ವಾ, ನೀ ಚಿಂತಾಕಿಗಿ ಹೋಗೂದೇ ಬ್ಯಾಡ. ಚಿಂತಾಕೀನೇ ಡಬ್ಬ್ಯಾಗ ಹಾಕ್ಕೊಂಡು ನಿನ್ನ ಮುಂದ ತಂದು ಇಡ್ತೇನಿ!"

ಭಾಲ್ಕಿ ಪೇಟೆಯ ಬಟ್ಟೆ ವ್ಯಾಪಾರಿ ಮನ್ಮಥಪ್ಪ ಎದೆ ಸೆಟೆಸಿ ಹೀಗೆ ಸಾರಿದಾಗ ಅವನ ತಾಯಿ ಗುಂಡಮ್ಮ ಬೇಳೆ ಆರಿಸುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ಹೆಂಡತಿ ಸುಂದರಬಾಯಿ ಮಾತ್ರ ಗಾಬರಿಯಾದಳು. ಗಂಡ ಸಾರಿದ್ದೆಲ್ಲ ಕೊನೆಗೆ ಯಾರ ತಲೆಯ ಮೇಲೆ ಬಂದು ಕೂರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಯಾವ ಡಬ್ಬಿರಿ? ಹಿಟ್ಟಿನ ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ."

"ಸಿನಿಮಾದ ಡಬ್ಬಿ!"

ವಿಷಯ ಇಷ್ಟೇ. ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡ ಮೇಲೆ ಗುಂಡಮ್ಮ ತನ್ನ ಒಬ್ಬಳೇ ತಂಗಿ ಕಾಂತಾಬಾಯಿಯನ್ನು ಕಂಡಿರಲಿಲ್ಲ. ತಂಗಿಯನ್ನು ಕೊಟ್ಟಿದ್ದು ಔರಾದ ಕಡೆಯ ಚಿಂತಾಕಿಗೆ. ಎಮ್ಮೆ, ಹೊಲ, ಮನೆ ಬಿಟ್ಟು ಅವಳು ಹೊರಡುವಂತಿಲ್ಲ. ಅಕ್ಕ ಹೋಗೋಣವೆಂದರೆ ಯಾರಾದರೂ ಎತ್ತಿ ಗಾಡಿಯಲ್ಲಿ ಕೂಡಿಸಬೇಕು. "ಪ್ಯಾಟಿ ಮಂದಿ ಮುಂದ ಚೀಲ ಎತ್ತಿದಂಗ ನನ್ನ ಎತ್ತೂದು ಬಿಲಕುಲ ಬ್ಯಾಡ" ಎಂದು ಗುಂಡಮ್ಮ ಹಟ ಹಿಡಿದಿದ್ದಳು. ಹಟ ಹಿಡಿದವಳು ಹಬ್ಬ ಬಂದಾಗಲೆಲ್ಲ ತಂಗಿಯ ಹೆಸರು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮನ್ಮಥಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಬೀದರಿನ ಗಡಿಯಾರದ ಅಂಗಡಿಯ ಕರೀಮ ಸಾಬ ಅವನಿಗೊಂದು ಸಾಮಾನು ತೋರಿಸಿದ. ಹೈದರಾಬಾದಿನಿಂದ ಬಂದಿದ್ದ ಯಾರೋ ದೊರೆ ಮಾರಿ ಹೋದ ಪುಟ್ಟ ಸಿನಿಮಾ ಕ್ಯಾಮೆರಾ, ಜೊತೆಗೆ ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ. ಫಿಲ್ಮಿನ ಅಗಲ ಕಿರುಬೆರಳಿನಷ್ಟು. ಹಿಡಿಕೆ ತಿರುಗಿಸಿದರೆ ಆಯಿತು, ಎದುರಿಗಿದ್ದವರ ಬಾಳೆಲ್ಲ ಒಳಗೆ! ಮನ್ಮಥಪ್ಪ ಆ ಕ್ಷಣದಲ್ಲೇ ಬಟ್ಟೆ ವ್ಯಾಪಾರಿಯಿಂದ ಸಿನಿಮಾ ಸಾರ್ವಭೌಮನಾಗಿಬಿಟ್ಟ.

"ಇದು ರಾಜಾ ರಾಣಿ ಸಿನಿಮಾ ಅಲ್ಲ" ಎಂದು ಹೆಂಡತಿಗೆ ತಿಳಿಸಿ ಹೇಳಿದ. "ವೇಷ ಇಲ್ಲ, ಕಿರೀಟ ಇಲ್ಲ. ಇದ್ದದ್ದು ಇದ್ದಂಗ ತೋರಸೂದು. ಚಿಗವ್ವ ನಡಿಯೂದು, ನಗೂದು, ರೊಟ್ಟಿ ಬಡಿಯೂದು!"

"ಇದ್ದದ್ದು ಇದ್ದಂಗ ಬರೇ ಕಣ್ಣಿಗೇ ಕಾಣ್ತದಲ್ರಿ. ಅದಕ್ಕ ಮಷೀನ ಯಾಕ ಬೇಕು?"

ಇಂಥ ಪ್ರಶ್ನೆಗೆ ಕಲಾವಿದರು ಉತ್ತರ ಕೊಡುವುದಿಲ್ಲ.

ಗಂಡ ಹೆಂಡತಿ ಗಾಡಿ ಕಟ್ಟಿಸಿಕೊಂಡು ಹೊರಟರು. ಮನ್ಮಥಪ್ಪನ ಮಡಿಲಲ್ಲಿ ಎರಡು ಫಿಲ್ಮ್ ಡಬ್ಬಿ. ಠಾಣಾ ಕುಶನೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಜನ ಮುತ್ತಿಕೊಂಡರು. "ಅದರಾಗ ಏನದ್ರಿ ಸಾವಕಾರ್ರ?" ಎಂದು ಯಾರೋ ಕೇಳಿದ್ದೇ ತಡ, ನಮ್ಮ ಸಾರ್ವಭೌಮ ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಡಬ್ಬಿ ಬಿಚ್ಚಿ, ಫಿಲ್ಮನ್ನು ಉದ್ದಕ್ಕೆ ಎಳೆದು, "ಇದೇ ನೋಡ್ರಿ ಸಿನಿಮಾ!" ಎಂದು ಎಲ್ಲರಿಗೂ ತೋರಿಸಿದ. ಜನ ತಲೆದೂಗಿದರು. ಬೆಳಕು ತಾಗಿದರೆ ಫಿಲ್ಮ್ ಕೆಡುತ್ತದೆಂದು ಕರೀಮ ಸಾಬ ಹೇಳಿದ್ದು ನೆನಪಾದದ್ದು ಗಾಡಿ ಒಂದು ಹರದಾರಿ ದಾಟಿದ ಮೇಲೆ.

"ಇರಲಿ ಬಿಡ್ರಿ" ಎಂದಳು ಸುಂದರಬಾಯಿ. "ಇನ್ನೊಂದು ಡಬ್ಬಿ ಔರಾದದಾಗ ತೋರಸ್ಬ್ಯಾಡ್ರಿ, ಸಾಕು."

ಚಿಂತಾಕಿಯಲ್ಲಿ ಕಾಂತಾಬಾಯಿ ಅಳಿಯ ಮಗಳನ್ನು ಬರಮಾಡಿಕೊಂಡ ಹಾಗೆ ಇಬ್ಬರನ್ನೂ ಬರಮಾಡಿಕೊಂಡಳು. ಅಕ್ಕ ತನ್ನನ್ನು ಗೋಡೆಯ ಮೇಲೆ ನೋಡುತ್ತಾಳೆಂದು ಕೇಳಿ ಓಡಿಹೋಗಿ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ಬಾಗಿಲ ಮುಂದೆ ನಿಂತಳು. ಪಕ್ಕದಲ್ಲಿ ಅವಳ ಗಂಡ ಶಿವರಾಜಪ್ಪ. ಹಿಂದೆ ಓಣಿಗೆ ಓಣಿಯೇ. ಮನ್ಮಥಪ್ಪ ಒರಳಿನ ಮೇಲೆ ಕ್ಯಾಮೆರಾ ಇಟ್ಟ. ಅಷ್ಟೇ, ಎಲ್ಲರೂ ಉಸಿರು ಬಿಗಿಹಿಡಿದು ಕಲ್ಲಾಗಿಬಿಟ್ಟರು!

"ಚಿಗವ್ವಾ, ಹಂಗ ನಿಂದರಬ್ಯಾಡ. ನಡಿ! ಕೈ ಆಡ್ಸು!"

"ನನಗ ಗೊತ್ತದ ಸುಮ್ಕಿರು" ಎಂದಳು ಕಾಂತಾಬಾಯಿ. "ಮಗಳ ಲಗ್ನದಾಗ ಬೀದರದ ಫೋಟೋದವ ಕಲಿಸ್ಯಾನ. ಅಲುಗಿದ್ರ ಮಾರಿ ಕೆಡ್ತದ. ನಿಮ್ಮ ಕಾಕಾ ಆವತ್ತು ಸೀನಿದ್ರು. ಒಳಗ ಹೋಗಿ ನೋಡು, ಫೋಟೋದಾಗ ಎರಡು ಮೂಗು ಬಂದಾವು!"

ಶಿವರಾಜಪ್ಪ ನಾಚಿಕೊಂಡು ಮೂಗು ಮುಟ್ಟಿಕೊಂಡ.

"ಅದು ಫೋಟೋ ಚಿಗವ್ವಾ! ಇದು ಸಿನಿಮಾ! ಇದರಾಗ ಅಲುಗಾಡಬೇಕು!"

"ಅಲುಗಾಡಿ ನಮ್ಮಕ್ಕಗ ಎರಡು ಮಾರಿ ತೋರಿಸ್ಲೇನು? ಎಷ್ಟು ದಿನಕ್ಕ ನೋಡ್ತಾಳ ನನ್ನ! ನೀ ಮೊದಲ ತೆಗಿ, ಆಮ್ಯಾಲ ಬೇಕಾದಷ್ಟು ಅಲುಗಾಡ್ತೇನಿ."

ತಿರುಗಿಸಲು ಶುರು ಮಾಡಿದರೆ ತಾನಾಗಿಯೇ ಅಲುಗಾಡುತ್ತಾಳೆಂದು ನಂಬಿ ಮನ್ಮಥಪ್ಪ ಹಿಡಿಕೆ ತಿರುಗಿಸಿದ. ಕಾಂತಾಬಾಯಿ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಅವನು ಒಂದು ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈ ಬೀಸುತ್ತ, ನಿಂತಲ್ಲೇ ಕುಣಿದು ತೋರಿಸಿದ. ಇವನೊಬ್ಬನೇ ಕುಣಿಯುವವನು, ಊರೆಲ್ಲ ವಿಗ್ರಹ!

ಅದೇ ಹೊತ್ತಿಗೆ ಎಮ್ಮೆ ಹಗ್ಗ ಹರಿದುಕೊಂಡಿತು. ನಿಧಾನವಾಗಿ ಅಂಗಳಕ್ಕೆ ಬಂದು, ಒಣಹಾಕಿದ್ದ ತೊಗರಿಗೆ ಬಾಯಿ ಹಾಕಿತು. ಯಾರೂ ಅಲುಗಲಿಲ್ಲ. ಎಲ್ಲರ ಕಣ್ಣುಗುಡ್ಡೆ ಮಾತ್ರ ಎಮ್ಮೆಯ ಕಡೆಗೆ ಜಾರಿದವು.

"ಎಮ್ಮಿ..." ಎಂದಳು ಕಾಂತಾಬಾಯಿ ಹಲ್ಲು ಬಿಡದೆ. "ತೊಗರಿ ತಿನ್ನಲತ್ತದ... ಜಲ್ದಿ ಮುಗಸೋ..."

"ಓಡ್ಸು ಚಿಗವ್ವಾ! ಓಡ್ಸು! ಅದೇ ಬೇಕು ನನಗ!"

"ಮಾರಿ... ಕೆಡ್ತದ..."

ಕಟ್ ಎಂದು ಸದ್ದಾಯಿತು. ಫಿಲ್ಮ್ ಖಾಲಿ. "ಮುಗೀತು" ಎಂದು ಮನ್ಮಥಪ್ಪ ಕುಸಿದು ಕುಳಿತ. ಆ ಮಾತಿಗಾಗಿಯೇ ಕಾಯುತ್ತಿದ್ದ ಚಿಂತಾಕಿ ಒಮ್ಮೆಗೇ ಜೀವ ತಳೆಯಿತು! ಕಾಂತಾಬಾಯಿ ಸೆರಗು ಬಿಗಿದು ಬಡಿಗೆ ಹಿಡಿದು ಓಡಿದಳು. ಶಿವರಾಜಪ್ಪ ಎಮ್ಮೆಯ ಬಾಲ ಹಿಡಿದ, ಎಮ್ಮೆ ಶಿವರಾಜಪ್ಪನನ್ನು ಓಣಿತುಂಬ ಎಳೆದಾಡಿತು. ಮಕ್ಕಳು ಕೇಕೆ ಹಾಕಿದರು, ಕಾಂತಾಬಾಯಿ ಬೈಯುತ್ತ ಬೈಯುತ್ತ ನಗತೊಡಗಿ, ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು. ಅಂಥ ಸಿನಿಮಾ ಯಾವ ಥೇಟರಿನಲ್ಲೂ ಆಡಿರಲಿಲ್ಲ. ಮನ್ಮಥಪ್ಪ ಖಾಲಿ ಕ್ಯಾಮೆರಾ ತಬ್ಬಿಕೊಂಡು ಬಾಯಿ ಬಿಟ್ಟು ನೋಡುತ್ತ ಕುಳಿತ.

ಫಿಲ್ಮ್ ಮುಂಬಯಿಗೆ ಹೋಗಿ, ತೊಳೆಸಿಕೊಂಡು, ಟಪಾಲಿನಲ್ಲಿ ಮರಳಿ ಬಂತು. ಮನ್ಮಥಪ್ಪನಿಗೆ ತೋರಿಸುವ ಮನಸ್ಸಿರಲಿಲ್ಲ. ಗುಂಡಮ್ಮ ಬಿಡಲಿಲ್ಲ. ಕೊನೆಗೆ ಕಾಳಿನ ಕೋಣೆಯ ಬಾಗಿಲು ಮುಚ್ಚಿ, ಅಂಗಡಿಯ ಬಿಳಿ ಬಟ್ಟೆಯನ್ನು ಮೊಳೆಯಿಂದ ಗೋಡೆಗೆ ಹೊಡೆದು ತಾಯಿಯನ್ನು ಎದುರಿಗೆ ಕೂಡಿಸಿದ. ಫಿಲ್ಮ್ ಓಡಿಸಲು ಒಂದು ಹಿಡಿಕೆ, ಅದು ಅವನ ಪಾಲು. ಯಂತ್ರದೊಳಗಿನ ದೀಪಕ್ಕೆ ಕರೆಂಟು ಹುಟ್ಟಿಸಲು ಇನ್ನೊಂದು ಹಿಡಿಕೆ, ಅದು ಸುಂದರಬಾಯಿಯ ಪಾಲು.

"ಇಷ್ಟೊತ್ತು ಜ್ವಾಳ ಬೀಸಿದ್ರ ಹಿಟ್ಟಾದ್ರೂ ಬರ್ತಿತ್ರಿ" ಎನ್ನುತ್ತ ಅವಳು ತಿರುಗಿಸಿದಳು.

ಗೋಡೆಯ ಮೇಲೆ ಕಾಂತಾಬಾಯಿ ಮೂಡಿದಳು. ಕೈ ಜೋತುಬಿಟ್ಟು, ಗದ್ದ ಎತ್ತಿ, ಕಣ್ಣು ನೆಟ್ಟು. ನಿಂತಳು, ನಿಂತಳು, ನಿಂತೇ ಇದ್ದಳು. ಎಮ್ಮೆ ಬಂತು, ತಿಂದಿತು.

"ಹೇಳಿದ ಮಾತು ಕೇಳಿದ್ದು ಎಮ್ಮಿ ಒಂದೇ" ಎಂದಳು ಸುಂದರಬಾಯಿ.

ಗುಂಡಮ್ಮ ನಗಲಿಲ್ಲ. "ಇನ್ನೊಮ್ಮಿ ಬಿಡು" ಎಂದಳು. ಬಿಟ್ಟರು. "ಇನ್ನೊಮ್ಮಿ." ಸುಂದರಬಾಯಿ ಕೈ ಬದಲಿಸಿದಳು. ಮನ್ಮಥಪ್ಪನಿಗೆ ಅಳು ಬರುವುದೊಂದು ಬಾಕಿ. ತಂಗಿಯ ನಡಿಗೆ, ನಗು, ರೊಟ್ಟಿ ಬಡಿಯುವುದು ಎಲ್ಲ ತಂದುಕೊಡುತ್ತೇನೆಂದು ಬಡಾಯಿ ಕೊಚ್ಚಿದವನು ತಂದದ್ದು ಒಂದು ಗೊಂಬೆಯನ್ನು.

"ತಪ್ಪಾಯ್ತವ್ವಾ. ನಾ ಬಡಕೊಂಡೆ, ಯಾರೂ ಅಲುಗಾಡ್ಲಿಲ್ಲ."

"ನಿಲ್ಲಸು ಅದನ್ನ!" ಗುಂಡಮ್ಮನ ದನಿ ನಡುಗುತ್ತಿತ್ತು. "ನಾ ನೋಡ್ಲಿ ಅಂತ ಪಾಪ ಆಕಿ ಉಸಿರು ಹಿಡ್ಕೊಂಡು ನಿಂತಾಳ. ಆಕಿಗಿ ಸಣ್ಣಕಿದ್ದಾಗಿಂದ ಸೊಂಟ ನೋವು. ಒಬ್ಬರರೆ 'ಕುಂದ್ರವ್ವಾ' ಅಂದೀರೇನು? ಬಿಟ್ಟಾಗೊಮ್ಮಿ ನಿಂದ್ರಸ್ತೀರಿ, ಬಿಟ್ಟಾಗೊಮ್ಮಿ ನಿಂದ್ರಸ್ತೀರಿ! ಗಾಡಿ ಕಟ್ಟು. ನಾನೇ ಹೋಗಿ ಕುಂದ್ರಿಸಿ ಬರ್ತೇನಿ."

"ಅವ್ವಾ, ಎತ್ತಿ ಕೂಡಿಸಬೇಕಾಗ್ತದ..."

"ಎತ್ತು!"

ಮರುದಿನ ಬೆಳಿಗ್ಗೆ ಪೇಟೆಯ ಮಂದಿಯೆಲ್ಲ ನೋಡುತ್ತಿದ್ದಂತೆ ಮನ್ಮಥಪ್ಪ ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಅವ್ವ ಇಷ್ಟು ಹಗುರಾಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಗುಂಡಮ್ಮ ಅವನ ಕೊರಳು ಬಳಸಿ, ನೋಡುವವರ ಕಡೆ ಗದ್ದ ಎತ್ತಿ ನೋಡಿದಳು. ಸುಂದರಬಾಯಿ ಗಾಡಿಯಲ್ಲಿ ಹಾಸಿಗೆ ಸರಿಮಾಡಿ ಅತ್ತೆಯನ್ನು ಒರಗಿಸಿಕೊಂಡಳು.

ಮನ್ಮಥಪ್ಪ ಒಳಗೆ ಓಡಿಹೋಗಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದ. ಅಕ್ಕ ತಂಗಿ ಎದುರಾಗುವ ಗಳಿಗೆ! ಈ ಸಲ ಎಲ್ಲರೂ ಅಲುಗಾಡೇ ಅಲುಗಾಡುತ್ತಾರೆ!

ಗುಂಡಮ್ಮ ಅದನ್ನು ಕಂಡಳು.

"ಅದನ್ನ ಮನ್ಯಾಗ ಇಟ್ಟು ಬಾರಪಾ, ಕೈ ಮುಗಿತೇನಿ. ಅದು ಕಂಡ್ರ ಆಕಿ ಮತ್ತ ಎದ್ದು ನಿಂದ್ರತಾಳ."