ಬಯೋಸ್ಟ್ಯಾಟಿಸ್ಟಿಕ್ಸ್ ಸೀಟೂ ಮಂದಿಯ ಸಂಶಯವೂ

ನಮ್ಮ ಕಡೆ ಮದುವೆ ವಯಸ್ಸಿನ ಹುಡುಗಿ ಮತ್ತೆ ಓದುತ್ತೇನೆ ಅಂದರೆ, ಓದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಜನ ಊಹಿಸುತ್ತಾರೆ. ನಾನೋ, ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಗಣಿತಕ್ಕೆ ಕೈಮುಗಿದು, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಓದಿದವಳು. ರೋಗ, ಔಷಧಗಳ ಲೆಕ್ಕ ಹಾಕುವ ಬಯೋಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿಗೆ ಅರ್ಜಿ ಹಾಕಿದ ವರ್ಷ ನನ್ನನ್ನು ಸಂಶಯದಿಂದ ನೋಡದವರೇ ಇರಲಿಲ್ಲ. ನನಗೆ ಮಾತ್ರ ಆ ಸೀಟು ಬೇಕೇ ಬೇಕಿತ್ತು.

ಕಷಾಯ

ಹಾನಗಲ್ಲಿನ ಮನೆಯಲ್ಲಿ ಅವ್ವ ಕೇಳಿದಳು, “ಅದರಾಗ ಏನ್ ಕಲಸ್ತಾರ?”

“ಔಷಧ ಖರೇನ ಕೆಲಸಾ ಮಾಡ್ತದೋ ಇಲ್ಲೋ ನೋಡೂದವ್ವಾ. ಕೆಲವರಿಗೆ ಕೊಡೂದು, ಕೆಲವರಿಗೆ ಕೊಡಲಾರದ ಇರೂದು.”

“ಡಾಕ್ಟರ್ ಮ್ಯಾಲೆ ಸಂಶೇ ಪಡಾಕ ಎಂಎಸ್ಸಿ ಬೇರೆ ಬೇಕೇನ?”

ಮುಂದಿನ ವಾರ ಅಪ್ಪನಿಗೂ ಕಾಕಾನಿಗೂ ನೆಗಡಿ. ಅವ್ವ ಅಪ್ಪನಿಗಷ್ಟೇ ಕಷಾಯ ಕೊಟ್ಟಳು. ಇಬ್ಬರೂ ಒಂದೇ ದಿನ ಗುಣವಾದರು.

“ನೋಡು, ಕಷಾಯ ಏನೂ ಮಾಡೂದಿಲ್ಲ. ಮನ್ಯಾಗ ಕುಂತ ಕಂಡಹಿಡದೆ. ನೀ ಫೀ ಕಟ್ಟಿ ಎಲ್ಲಿಗೆ ಹೊಂಟಿ?” ಅಂದಳು.

ಮದುವೆಯಾದಾಗಿನಿಂದ ಅದನ್ನು ಕುಡಿಯುತ್ತ ಬಂದ ಅಪ್ಪ ಲೋಟ ಕೆಳಗಿಟ್ಟ. “ಹಂಗಾರ ಇಷ್ಟ ವರ್ಷ ನಾ ಯಾಕ ಕುಡದೆ?”

ಬೇಹುಗಾರ್ತಿ

ಪ್ರವೇಶ ಪರೀಕ್ಷೆಯಲ್ಲಿ ಗಣಿತವಿತ್ತು. ಪಿಯುಸಿ ಮಕ್ಕಳ ನಡುವೆ ಕೂಡಲು ನಾಚಿಕೆಯಾಗಿ, ಗುರುತಿನವರಿಲ್ಲದ ಸವಣೂರಿನಲ್ಲಿ ಟ್ಯೂಷನ್ ಹಿಡಿದೆ. ಮಾಸ್ತರರಿಗೆ ಮೊದಲ ದಿನವೇ ಗುಮಾನಿ.

“ಬಿಎಸ್ಸಿ ಮುಗಿಸಿದವರು ಇಲ್ಲಿ ಯಾಕ ಕುಂತೀರಿ? ಖರೇ ಹೇಳ್ರಿ, ಯಾವ ಟ್ಯೂಷನ್‌ನವರು ಕಳಿಸ್ಯಾರ?”

ನಾನು ಹತ್ತಿರ ಹೋದರೆ ನೋಟ್ಸಿನ ಮೇಲೆ ಕರವಸ್ತ್ರ ಹಾಸುತ್ತಿದ್ದರು. ಒಂದು ದಿನ ಬೋರ್ಡಿಗೆ ಕರೆದು ನಾಣ್ಯ ಚಿಮ್ಮುವ ಲೆಕ್ಕ ಕೊಟ್ಟರು. ಹೆಡ್ ಬೀಳುವ ಸಂಭವ ನನ್ನ ಉತ್ತರದಲ್ಲಿ ನೂರಕ್ಕೆ ನೂರೈವತ್ತು ಬಂತು.

ಮಾಸ್ತರರ ಮುಖ ಅರಳಿತು. ಕರವಸ್ತ್ರ ಮಡಚಿ ಕಿಸೆಗಿಟ್ಟುಕೊಂಡರು. “ಇಲ್ಲ ಬಿಡ್ರಿ, ನಿಮ್ಮನ್ನ ಯಾರೂ ಕಳಿಸಿರಾಕ ಸಾಧ್ಯ ಇಲ್ಲ.”

ವಿಚಾರಣೆ

ಪರೀಕ್ಷೆ ಹೇಗೋ ಪಾಸಾಯಿತು. ಸಂದರ್ಶನಕ್ಕೆ ಮೊದಲು ವಿಶ್ವವಿದ್ಯಾಲಯದವರು ನನ್ನ ಹಳೆಯ ಗುರುಗಳೊಬ್ಬರನ್ನು ಫೋನಿನಲ್ಲಿ ವಿಚಾರಿಸುವವರಿದ್ದರು. ಹಿರೇಕೆರೂರಿನ ಪ್ರಾಣಿಶಾಸ್ತ್ರದ ಸರ್ ನಂಬರು ಕೊಟ್ಟು, ಸೀಟಿನ ವಿಚಾರಕ್ಕೆ ಫೋನ್ ಬರುತ್ತದೆ ಅಂತ ಅವರಿಗೂ ಹೇಳಿದ್ದೆ. ಸರ್ ನಂಬಿರಲಿಲ್ಲ. ಗಣಿತ ಬಾರದವಳಿಗೆ ಆ ಸೀಟೆಲ್ಲಿ? ಪರವೂರಿನವರು ಫೋನ್ ಮಾಡಿ ಹುಡುಗಿ ಹೇಗೆ ಅಂತ ಕೇಳುವುದು ನಮ್ಮಲ್ಲಿ ಒಂದೇ ಕಾರಣಕ್ಕೆ.

ಸಂಜೆ ಅವರೇ ಫೋನ್ ಮಾಡಿದರು. “ಹುಡುಗನ ತಾಯಿ ಪ್ರೊಫೆಸರ್ ಅಂತಲ್ಲವಾ? ಬಾಳ ಚಲೋ ಮಾತಾಡಿದ್ರು. ‘ಕಷ್ಟದ ಕೆಲಸ ಮಾಡ್ತಾಳಾ’ ಅಂದ್ರು. ಇಪ್ಪತ್ತು ಮಂದಿಗೆ ರೊಟ್ಟಿ ಬಡದರೂ ಬ್ಯಾಸರಿಲ್ಲ ಅಂದೆ. ‘ಪ್ರಶ್ನೆ ಕೇಳ್ತಾಳಾ’ ಅಂದ್ರು. ಒಂದಿನಾನೂ ಎದುರು ಮಾತಾಡಿದಾಕಿ ಅಲ್ಲ ಅಂದೆ.”

ನನಗೆ ಅಳುವೇ ಬಂತು. “ಸರ್, ಮತ್ತೇನ ಕೇಳಿದ್ರು?”

“‘ಓದು ಪೂರ್ತಿ ಮಾಡ್ತಾಳಾ’ ಅಂದ್ರು. ಅದರ ಚಿಂತೀನ ಬ್ಯಾಡ್ರಿ, ನೀವು ಹೂಂ ಅಂದ್ರ ನಾಳೇನ ಬಿಡಸ್ತೇವಿ ಅಂದೆ!”

ಸೀಟು ಹೋಯಿತು ಅಂದುಕೊಂಡೇ ಸಂದರ್ಶನಕ್ಕೆ ಹೋದೆ. ಸರ್‌ಗೆ ಫೋನ್ ಮಾಡಿದ್ದ ಪ್ರೊಫೆಸರ್ ಮೇಡಂ ನನ್ನನ್ನೇ ದಿಟ್ಟಿಸಿ, ಮೆತ್ತಗಿನ ದನಿಯಲ್ಲಿ ಕೇಳಿದರು, “ಊರಲ್ಲಿ ಬಲವಂತವಾಗಿ ಮದುವೆ ಮಾಡ್ತಿದ್ದಾರೇನಮ್ಮಾ? ಹೆದರಬೇಡ. ಸೀಟು ಕೊಡ್ತೀವಿ.”

ಹಾಗೇನಿಲ್ಲ ಮೇಡಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಪ್ರೊಫೆಸರರು, “ಗಣಿತದಲ್ಲಿ ಒಂದೆರಡು ಪ್ರಶ್ನೆ ಕೇಳಿಬಿಡೋಣ” ಅಂದರು.

ನಾನು ಬಾಯಿ ಮುಚ್ಚಿ, ವೇಲಿನ ತುದಿಯಿಂದ ಕಣ್ಣೊರೆಸಿಕೊಂಡೆ.